ಕಲಿಯುವ ಖರ್ಚು ಯಾರ ತಲೆಯ ಮೇಲೆ? ಗದಗ ಸೀಮೆಯ ಗಿರಣಿ, ಮಗ್ಗ, ಕುಲುಮೆಗಳ ಒಂದು ಸಮೀಕ್ಷೆ

ಗದಗ-ಬೆಟಗೇರಿ ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ವೀರನಾರಾಯಣನ ಗುಡಿ, ಕುಮಾರವ್ಯಾಸ, ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮ. ಇದು ತಯಾರಿಕೆಯ ಊರೂ ಹೌದು ಎಂಬುದು ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಗಿರಣಿ, ಶೇಂಗಾ ಎಣ್ಣೆಯ ಗಿರಣಿ, ಬೆಟಗೇರಿಯ ಮಗ್ಗ, ಗದಗಕ್ಕೆ ‘ಮುದ್ರಣ ಕಾಶಿ’ ಎಂಬ ಹೆಸರು ತಂದ ಛಾಪಖಾನೆ, ಹೊಲದ ಸಾಮಾನು ಮಾಡುವ ವೆಲ್ಡಿಂಗ್ ಅಂಗಡಿ ಎಲ್ಲವೂ ಇಲ್ಲಿವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹೊಲದಲ್ಲಿ ಬೆಳೆದದ್ದು ಮಾಲಾಗುವುದು ಈ ಸಣ್ಣ ದೊಡ್ಡ ಘಟಕಗಳಲ್ಲಿ. ಇವು ಹೇಗೆ ನಡೆಯುತ್ತವೆ, ಇವುಗಳಲ್ಲಿ ಹೊಸತು ಯಾವಾಗ ಹುಟ್ಟಿತು, ಯಾವಾಗ ಹುಟ್ಟಲಿಲ್ಲ ಎಂದು ಒಮ್ಮೆ ಸಾಲಾಗಿ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಕಾರ್ಖಾನೆ ನಡೆಸುವವರ ಮುಂದೆ ಸದಾ ಎರಡು ಕೆಲಸ ಇರುತ್ತವೆ. ಇವತ್ತಿನ ಮಾಲು ತಪ್ಪಿಲ್ಲದೆ, ಕಡಿಮೆ ಖರ್ಚಿನಲ್ಲಿ, ಹೇಳಿದ ಹೊತ್ತಿಗೆ ಹೊರಬೀಳಬೇಕು. ಅದರ ನಡುವೆಯೇ ನಾಳೆಯ ಹೊಸ ಮಾಲು, ಹೊಸ ವಿಧಾನ ಹುಡುಕಬೇಕು. ಮೊದಲನೆಯದರಲ್ಲಿ ಪಳಗಿದಷ್ಟೂ ಎರಡನೆಯದಕ್ಕೆ ಕೈ ಏಳುವುದಿಲ್ಲ ಎಂದು ವಿಲಿಯಂ ಅಬರ್ನಥಿ 1978ರಲ್ಲಿ ಅಮೆರಿಕದ ಮೋಟಾರು ಉದ್ಯಮವನ್ನು ಅಭ್ಯಸಿಸಿ ಬರೆದರು. ಆ ಮಾತು ದೊಡ್ಡ ಕಾರ್ಖಾನೆಗಳಿಗೆ ಸರಿ. ನಮ್ಮ ಸೀಮೆಯಲ್ಲಿ ಪ್ರಶ್ನೆ ಇನ್ನೊಂದು ರೀತಿ ಎದುರಾಗುತ್ತದೆ. ಹೊಸ ಯಂತ್ರವೋ ಹೊಸ ನಮೂನೆಯೋ ಬಂದಾಗ ಮೊದಲ ಕೆಲ ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ಉತ್ಪಾದನೆ ಇಳಿಯುತ್ತದೆ. ಕೈ ತಡವರಿಸುತ್ತದೆ, ಮಾಲು ಕೆಡುತ್ತದೆ. ಆ ಅವಧಿಯ ನಷ್ಟವನ್ನು ಯಾರು ಹೊತ್ತರು ಎಂದು ಕೇಳುತ್ತ ಹೋದರೆ ಇಲ್ಲಿನ 180 ವರ್ಷಗಳ ಚರಿತ್ರೆಯ ಬಹಳಷ್ಟು ಸಂಗತಿಗಳಿಗೆ ಅರ್ಥ ಸಿಗುತ್ತದೆ.

ಮೊದಲು ಹತ್ತಿ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಹಿಂದುಸ್ಥಾನಕ್ಕೆ ಕರೆಸಿತು. ಮ್ಯಾಂಚೆಸ್ಟರ್ ಗಿರಣಿಗಳಿಗೆ ಉದ್ದ ಎಳೆಯ ಅರಳೆ ಬೇಕಿತ್ತು. ಬೇರೆ ಬೇರೆ ಕಡೆ ಸೋತ ಆ ಪ್ರಯತ್ನ ಆಗಿನ ಧಾರವಾಡ ಜಿಲ್ಲೆಯ ಎರೆ (ಕಪ್ಪು) ಮಣ್ಣಿನಲ್ಲಿ, ಅದರಲ್ಲೂ ಗದಗ-ಡಂಬಳದ ಕಡೆ, ಕಚ್ಚಿಕೊಂಡಿತು. ನ್ಯೂ ಆರ್ಲಿಯನ್ಸ್ ಬೀಜ ‘ಧಾರವಾಡ-ಅಮೆರಿಕನ್’ ಆಯಿತು, ರೈತರ ಬಾಯಲ್ಲಿ ವಿಲಾಯತಿ ಹತ್ತಿಯಾಯಿತು. ಹಳೆಯದು ಜವಾರಿ ಹತ್ತಿ. ಆದರೆ ಬೀಜ ಬಂದರೆ ಮುಗಿಯಲಿಲ್ಲ. ವಿಲಾಯತಿ ಹತ್ತಿಯ ಅರಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಹೆಣ್ಣುಮಕ್ಕಳು ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ ಕಾಳು ಬಿಡಿಸುತ್ತಿದ್ದ ಪದ್ಧತಿಗೆ ಅದು ಜಗ್ಗಲಿಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್ ಬೇಕಾಯಿತು. ಆ ಜಿನ್ನಿನ ಹಲ್ಲು ಮೊಂಡಾದರೆ ಎಳೆ ತುಂಡಾಗುತ್ತದೆ, ಹರಿತ ಮಾಡುವುದು ಊರ ಕಮ್ಮಾರನಿಗೆ ಗೊತ್ತಿಲ್ಲ. ಕೊನೆಗೆ ಸರಕಾರವೇ ಧಾರವಾಡದಲ್ಲಿ ಜಿನ್ ಕಟ್ಟುವ ಮತ್ತು ರಿಪೇರಿ ಮಾಡುವ ಕಾರ್ಖಾನೆ ತೆರೆಯಿತು. ಬೀಜ, ಯಂತ್ರ, ರಿಪೇರಿ, ಮಾರುಕಟ್ಟೆ ನಾಲ್ಕೂ ಒಟ್ಟಿಗೆ ಕೂಡಿದ ಮೇಲೆಯೇ ಹೊಸ ಹತ್ತಿ ಎರೆ ಹೊಲಗಳಿಗೆ ಹಬ್ಬಿದ್ದು. ಕಂಪನಿ ಸರಕಾರಕ್ಕೆ ಇದರಲ್ಲಿ ತನ್ನದೇ ಸ್ವಾರ್ಥ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಕಲಿಯುವ ಖರ್ಚನ್ನು ರೈತನ ಹೆಗಲಿಗೆ ಹಾಕದೆ ಬೊಕ್ಕಸದಿಂದ ಕೊಟ್ಟದ್ದರಿಂದ ಕೆಲಸ ಆಯಿತೆಂಬುದು ನಿಜ.

ಕೆಟ್ಟದ್ದೂ ಬೆನ್ನಿಗೇ ಬಂತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ ವಿಲಾಯತಿಯಲ್ಲಿ ಜವಾರಿ ಬೆರೆಸುವುದು, ಕಾಳು, ಮಣ್ಣು ಸೇರಿಸಿ ತೂಕ ಹೆಚ್ಚಿಸುವುದು ಶುರುವಾಯಿತು. ಮುಂಬಯಿ ಸರಕಾರ 1863ರಲ್ಲಿ ಹತ್ತಿ ಮೋಸದ ಕಾಯ್ದೆ ತರಬೇಕಾಯಿತು. ಮಾಲಿನ ಗುಣಮಟ್ಟ ಕಾಯುವುದು ಪೊಲೀಸರ ಕೆಲಸವಾದರೆ ಹೆಚ್ಚು ದಿನ ನಡೆಯುವುದಿಲ್ಲ, ಬೆಳೆದವನಿಗೇ ಅದರಲ್ಲಿ ಲಾಭ ಕಾಣಬೇಕು. ಆ ದಾರಿ ತೋರಿದ್ದು ಸಹಕಾರ ಚಳವಳಿ. ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘ ದೇಶದ ಸಹಕಾರ ಚರಿತ್ರೆಯ ಮೊದಲ ಪುಟದಲ್ಲಿದೆ. 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಂಘ ಬಂತು, ಅದರ ಬೆನ್ನಿಗೆ ಗದಗದಲ್ಲೂ. ರೈತರ ಹತ್ತಿಯನ್ನು ಒಟ್ಟುಗೂಡಿಸಿ, ದರ್ಜೆ ನೋಡಿ, ಸವಾಲು ಕರೆದು ಮಾರುವುದು ಈ ಸಂಘಗಳ ರೀತಿ. ಒಳ್ಳೆಯ ಬೀಜ ಹಾಕಿದವನಿಗೆ ಒಳ್ಳೆಯ ದರ ಅದೇ ದಿನ ಕಣ್ಣೆದುರೇ ಸಿಕ್ಕಿತು. ನನ್ನ ಮಟ್ಟಿಗೆ ಈ ಸೀಮೆಯ ಅತಿ ದೊಡ್ಡ ಹೊಸತನ ಇದು, ಯಾವ ಯಂತ್ರಕ್ಕಿಂತಲೂ ದೊಡ್ಡದು.

ಬೀಜದ ಕಥೆಯನ್ನು ಇಲ್ಲಿಗೇ ಬಿಡಲು ಮನಸ್ಸಾಗುವುದಿಲ್ಲ. ಧಾರವಾಡ-ಅಮೆರಿಕನ್ ಹತ್ತಿಯಿಂದ ಆಯ್ದು ಬೆಳೆಸಿದ ತಳಿಗೆ ‘ಗದಗ-1’ ಎಂದು ಹೆಸರಾಯಿತು. ಅದನ್ನು ಕಾಂಬೋಡಿಯಾ ಹತ್ತಿಯ ಕೋ-2 ಜೊತೆ ಕೂಡಿಸಿದಾಗ ‘ಲಕ್ಷ್ಮಿ’ ಬಂತು. ಲಕ್ಷ್ಮಿಯನ್ನು ತಾಯಿಯಾಗಿಟ್ಟು ಡಾ. ಬಿ. ಎಚ್. ಕಟರಕಿಯವರು ಧಾರವಾಡದಲ್ಲಿ ‘ವರಲಕ್ಷ್ಮಿ’ ತೆಗೆದರು. 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ, ಹತ್ತಿಯ ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ವಾಣಿಜ್ಯ ಬೆಳೆಗೆ ಬಂದ ಮೊದಲ ಹೈಬ್ರಿಡ್. ಉದ್ದ ಎಳೆಯ ಹತ್ತಿಗೆ ಪರದೇಶದ ಕಡೆ ನೋಡುತ್ತಿದ್ದ ದೇಶದ ಗಿರಣಿಗಳಿಗೆ ಅದು ದೊಡ್ಡ ಆಸರೆಯಾಯಿತು. ಗದಗದ ಎರೆಯಲ್ಲಿ 1840ರ ದಶಕದಲ್ಲಿ ಬೇರೂರಿದ ಒಂದು ಬೀಜ 130 ವರ್ಷಗಳ ಬಳಿಕ ಹೀಗೆ ಫಲ ಕೊಟ್ಟಿತು. ನಡುವಿನ ಅಷ್ಟೂ ವರ್ಷ ಸಂಶೋಧನಾ ಕೇಂದ್ರಗಳು ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿದ್ದವು, ಸೋತ ತಳಿಗಳ ಖರ್ಚನ್ನೂ ಹೊತ್ತವು. ಯಾವ ಒಬ್ಬ ಸಾಹುಕಾರನಿಂದಲೂ ಆಗುವ ಕೆಲಸ ಅದಲ್ಲ.

ಇನ್ನು ಗಿರಣಿಯ ಒಳಗೆ ಬರೋಣ. ಗರಗಸದ ಜಿನ್ ಹೋಗಿ ಈಗ ಬಹುತೇಕ ಕಡೆ ಎರಡು ರೋಲರಿನ ಜಿನ್ ಇದೆ. ಚರ್ಮದ ಬಿಲ್ಲೆಗಳನ್ನು ಒತ್ತಾಗಿ ಪೋಣಿಸಿದ ರೋಲರು ಅರಳೆಯನ್ನು ಹಿಡಿದೆಳೆಯುತ್ತದೆ, ಕಬ್ಬಿಣದ ಅಲಗು ಕಾಳನ್ನು ತಡೆದು ಕೆಳಗೆ ಬೀಳಿಸುತ್ತದೆ. ರೋಲರಿನ ಮೈಮೇಲೆ ಓರೆಯಾಗಿ ಕೊರೆದ ಗೀರುಗಳಿರುತ್ತವೆ. ತಿಕ್ಕಾಟದಿಂದ ಗೀರು ಸವೆದಂತೆ ಯಂತ್ರದ ಉತ್ಪತ್ತಿ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಒಂದೇ ಸಲಕ್ಕೆ ನಿಂತುಹೋದರೆ ಯಾರಿಗಾದರೂ ಗೊತ್ತಾಗುತ್ತದೆ, ಹೀಗೆ ಮೆಲ್ಲಗೆ ಇಳಿಯುವುದನ್ನು ಬರೆದಿಟ್ಟ ಲೆಕ್ಕ ಮಾತ್ರ ಹಿಡಿಯಬಲ್ಲದು. ಯಾವ ಯಂತ್ರ ಯಾವ ಪಾಳಿಯಲ್ಲಿ ಎಷ್ಟು ಅರಳೆ ಕೊಟ್ಟಿತು ಎಂದು ಗೋಡೆಯ ಮೇಲೆ ಸುಣ್ಣದಕಡ್ಡಿಯಲ್ಲಾದರೂ ಬರೆಯುವ ಗಿರಣಿಗೂ, ದಿನದ ಕೊನೆಗೆ ಒಟ್ಟು ಬೇಲುಗಳನ್ನಷ್ಟೇ ಎಣಿಸುವ ಗಿರಣಿಗೂ ಹಂಗಾಮಿನ ಕೊನೆಯಲ್ಲಿ ಬೀಳುವ ಅಂತರ ದೊಡ್ಡದು. ಚರ್ಮ ಹದ ಮಾಡಲು ಬಳಸುವ ಕ್ರೋಮಿಯಂ ರೋಲರಿನಿಂದ ಅರಳೆಗೂ, ಧೂಳಿನ ಮೂಲಕ ಕೆಲಸಗಾರರ ಮೈಗೂ ಸೇರುತ್ತದೆಂದು ಕಂಡ ಮೇಲೆ ರಬ್ಬರು ಮತ್ತು ಬಟ್ಟೆಯ ಪದರಿನ ರೋಲರುಗಳನ್ನು ಸಂಶೋಧಕರು ತಯಾರಿಸಿದರು. 2000ದಲ್ಲಿ ಶುರುವಾದ ಹತ್ತಿ ತಂತ್ರಜ್ಞಾನ ಮಿಷನ್ ಗಿರಣಿಗಳ ಆಧುನೀಕರಣಕ್ಕೆ ಸಹಾಯಧನ ಕೊಟ್ಟಿತು. ಕಟ್ಟಡ, ಯಂತ್ರ, ಸಿಮೆಂಟಿನ ನೆಲ ಬಂದವು. ಆದರೆ ಪ್ಲಾಸ್ಟಿಕ್ ಚೀಲದ ಎಳೆ, ತಲೆಗೂದಲು, ಸಣಬಿನ ದಾರ ಅರಳೆಯಲ್ಲಿ ಸೇರದಂತೆ ತಡೆಯುವುದು ಯಾವ ಸಹಾಯಧನದಿಂದಲೂ ಬರುವುದಿಲ್ಲ. ಅದು ಹೊಲದಲ್ಲಿ ಬಿಡಿಸುವ ಹೆಣ್ಣುಮಕ್ಕಳ ಕೈಯಿಂದ ಶುರುವಾಗಬೇಕು, ಅವರ ಕೂಲಿಯಲ್ಲಿ ಅದಕ್ಕೊಂದು ಬೆಲೆ ಇರಬೇಕು.

ಎಣ್ಣೆ ಗಿರಣಿಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಶೇಂಗಾ ಅವುಗಳ ಜೀವ. 1986ರ ಎಣ್ಣೆಕಾಳು ಮಿಷನ್ ಅವಕ್ಕೆ ಉಸಿರು ಕೊಟ್ಟಿತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ ಸಣ್ಣ ಎಕ್ಸ್‌ಪೆಲರ್ ಗಿರಣಿಗಳು ದರದಲ್ಲಿ ನಿಲ್ಲುವುದು ಕಷ್ಟವಾಯಿತು. ಎಷ್ಟೇ ಚೊಕ್ಕವಾಗಿ ಗಿರಣಿ ನಡೆಸಿದರೂ ನೀತಿಯ ಒಂದು ಏಟಿಗೆ ಉತ್ತರ ಇರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಈಚೆಗೆ ಮರದ ಗಾಣದ ಎಣ್ಣೆಗೆ ಪೇಟೆಯಲ್ಲಿ ಹೆಚ್ಚಿನ ದರ ಕೊಡುವ ಗಿರಾಕಿ ಹುಟ್ಟಿದ್ದಾನೆ. ಹಳೆಯದೇ ಹೊಸ ಮಾಲಾಗಿ ಬಂದದ್ದನ್ನೂ ಹೊಸತನವೆಂದೇ ಎಣಿಸಬೇಕು. ಮುಂಡರಗಿ ತಾಲೂಕಿನ ಗಂಗಾಪುರದ ಸಕ್ಕರೆ ಕಾರ್ಖಾನೆಯಂಥ ಕಡೆ ಪ್ರಶ್ನೆ ಬೇರೆ. ಕಡಿದ ಕಬ್ಬು ಗಂಟೆಗಂಟೆಗೂ ತೂಕ ಮತ್ತು ಸಕ್ಕರೆ ಕಳೆದುಕೊಳ್ಳುತ್ತದೆ. ಕಡಿಯುವ ತಂಡ, ಟ್ರ್ಯಾಕ್ಟರು, ಗೇಟಿನ ಸರದಿ ಇವುಗಳ ಹೊಂದಾಣಿಕೆಯೇ ಅಲ್ಲಿಯ ಮುಖ್ಯ ವಿದ್ಯೆ. ಸರದಿಯಲ್ಲಿ ನಿಂತ ಟ್ರ್ಯಾಕ್ಟರಿನಲ್ಲಿ ಒಣಗುವ ಕಬ್ಬಿನ ನಷ್ಟ ರೈತನ ಲೆಕ್ಕಕ್ಕೇ ಬೀಳುತ್ತದೆ.

ಬೆಟಗೇರಿಯ ಮಗ್ಗದ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಕೂಲಿ ನೇಕಾರನಿಗೆ ಮಾಲೀಕ ನೂಲು ಕೊಡುತ್ತಾನೆ, ಸೀರೆಗೆ ಇಷ್ಟು ಎಂದು ಮಜೂರಿ ಕೊಡುತ್ತಾನೆ. ಒಂದು ಹಾಸು, ಅಂದರೆ ಮಗ್ಗಕ್ಕೆ ಏರಿಸಿದ ಉದ್ದ ಎಳೆಗಳು, ಮುಗಿಯುತ್ತ ಬಂದಾಗ ಅದೇ ನಮೂನೆಯ ಮುಂದಿನ ಹಾಸು ಬಂದರೆ ಹಳೆಯ ಎಳೆಗೆ ಹೊಸ ಎಳೆ ಸೇರಿಸಿ ಕೆಚ್ಚಿದರೆ ಆಯಿತು. ಮನೆಯ ಹೆಣ್ಣುಮಕ್ಕಳು ಕೂತು ಸಾವಿರಾರು ಎಳೆಗಳನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸುತ್ತಾರೆ, ಮಗ್ಗ ಮತ್ತೆ ಓಡುತ್ತದೆ. ನಮೂನೆ ಬದಲಾಗಿ ಎಳೆಗಳ ಸಂಖ್ಯೆ, ಸಾಲು ಬೇರೆಯಾದರೆ ಕೆಚ್ಚುವುದು ನಡೆಯುವುದಿಲ್ಲ. ಎಳೆ ಎತ್ತಿ ಇಳಿಸುವ ದಾರದ ಕಣ್ಣುಗಳಲ್ಲಿ, ಆಮೇಲೆ ಹಣಿಗೆಯ ಸಂದುಗಳಲ್ಲಿ, ಪ್ರತಿ ಎಳೆಯನ್ನೂ ಹೊಸದಾಗಿ ತೂರಿಸಬೇಕು. ಆ ದಿನಗಳಲ್ಲಿ ಒಂದು ಗೇಣು ಬಟ್ಟೆಯೂ ಹೊರಬರುವುದಿಲ್ಲ. ಬಟ್ಟೆ ಇಲ್ಲದಿದ್ದರೆ ಮಜೂರಿ ಇಲ್ಲ. ಹೊಸ ನಮೂನೆಯ ಮೊದಲ ಸೀರೆಗಳು ನಿಧಾನ, ಅವುಗಳಲ್ಲಿ ತಪ್ಪು ಬಂದರೆ ಮಜೂರಿಯಲ್ಲಿ ಮುರಿತ. ಹೀಗಿರುವಾಗ ನೇಕಾರ ಹಳೆಯ ನಮೂನೆಗೇ ಅಂಟಿಕೊಂಡಿದ್ದಾನೆ, ಅವನಿಗೆ ಹೊಸತು ಬೇಡ ಎಂದು ದೂರುವುದು ಅನ್ಯಾಯ. ಅವನ ಲೆಕ್ಕ ಸರಿಯಾಗಿದೆ, ತಪ್ಪಿರುವುದು ಮಜೂರಿಯ ಕಟ್ಟಳೆಯಲ್ಲಿ.

ಇದೇ ಸಂಗತಿಯನ್ನು ಪಾಕಿಸ್ತಾನದ ಸಿಯಾಲ್‌ಕೋಟಿನ ಫುಟ್ಬಾಲ್ ತಯಾರಕರಲ್ಲಿ ಡೇವಿಡ್ ಆಟ್ಕಿನ್ ಮತ್ತು ಜೊತೆಗಾರರು ಪ್ರಯೋಗ ಮಾಡಿ ತೋರಿಸಿದರು. ಅವರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಚೆಂಡಿನ ಹೊರಮೈಯ ರೆಕ್ಸಿನ್ ತುಂಡುಗಳನ್ನು ಕತ್ತರಿಸುವ ಹೊಸ ಅಚ್ಚೊಂದನ್ನು ಅವರು ಕಾರ್ಖಾನೆಗಳಿಗೆ ಪುಕ್ಕಟೆ ಕೊಟ್ಟರು. ಅದರಿಂದ ರೆಕ್ಸಿನ್ ಉಳಿಯುತ್ತಿತ್ತು. ಆದರೂ ಬಹುಪಾಲು ಕಾರ್ಖಾನೆಗಳು ಅದನ್ನು ಮುಟ್ಟಲಿಲ್ಲ. ಕಾರಣ ಹುಡುಕಿದರೆ, ಕತ್ತರಿಸುವವರಿಗೆ ತುಂಡಿನ ಲೆಕ್ಕದಲ್ಲಿ ಕೂಲಿ. ಹೊಸ ಅಚ್ಚಿನಲ್ಲಿ ಮೊದಮೊದಲು ಕೈ ನಿಧಾನ, ಉಳಿದ ರೆಕ್ಸಿನ್ನಿನ ಲಾಭ ಮಾಲೀಕನಿಗೆ, ಕಡಿಮೆಯಾದ ಕೂಲಿ ಕೆಲಸಗಾರನಿಗೆ. ಕತ್ತರಿಸುವವರು ಅಚ್ಚು ಕೆಲಸಕ್ಕೆ ಬಾರದ್ದೆಂದು ಮಾಲೀಕನಿಗೆ ಹೇಳಿಬಿಟ್ಟಿದ್ದರು. ಹೊಸ ಅಚ್ಚಿನಲ್ಲಿ ಪಳಗಿದ್ದನ್ನು ತೋರಿಸಿದವರಿಗೆ ಒಂದು ತಿಂಗಳ ಸಂಬಳದಷ್ಟು ಬಹುಮಾನ ಎಂದಾಗ ಅಚ್ಚು ಬಳಸುವ ಕಾರ್ಖಾನೆಗಳು ಹೆಚ್ಚಿದವು. ಅಚ್ಚು ಪುಕ್ಕಟೆ ಕೊಟ್ಟಾಗ ಆಗದ್ದು ಒಂದು ತಿಂಗಳ ಕೂಲಿಯಿಂದ ಆಯಿತು.

ಮಗ್ಗದಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಜಪಾನಿನ ಸಕಿಚಿ ಟೊಯೊಡಾ ನೆನಪಾಗುತ್ತಾರೆ. ಬಡಗಿಯ ಮಗ. ತಾಯಿ ನೇಯುವುದನ್ನು ನೋಡುತ್ತ ಬೆಳೆದವರು. 1924ರಲ್ಲಿ ಅವರು ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ಎಳೆ ಕಡಿದರೆ ತಾನೇ ನಿಲ್ಲುತ್ತಿತ್ತು. 1929ರಲ್ಲಿ ಅದರ ಪೇಟೆಂಟನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡಿತು, ಆ ಹಣ ಮಗ ಕೀಚಿರೊ ಮೋಟಾರು ಗಾಡಿಯ ಸಂಶೋಧನೆ ಶುರುಮಾಡಲು ನೆರವಾಯಿತು. ತಪ್ಪು ಕಂಡಕೂಡಲೇ ಯಂತ್ರ ನಿಲ್ಲಬೇಕು, ನಿಲ್ಲಿಸುವ ಹಕ್ಕು ಕೆಲಸಗಾರನಿಗಿರಬೇಕು ಎಂಬ, ಮುಂದೆ ಅದರಿಂದ ಬೆಳೆದ ಟೊಯೊಟಾ ಕಂಪನಿಯ ಪದ್ಧತಿಯ ತಿರುಳು ಹುಟ್ಟಿದ್ದು ನೇಕಾರಿಕೆಯಲ್ಲಿ. ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಮಗ್ಗ ನಿಲ್ಲಿಸಿದರೆ ನಷ್ಟ. ಆದ್ದರಿಂದ ಆ ಪದ್ಧತಿಯನ್ನು ಇಲ್ಲಿಗೆ ತರಬೇಕಾದರೆ ಮೊದಲು ಮಜೂರಿ ಬದಲಾಗಬೇಕು.

ಮಾಲೀಕರ ಕಡೆಯ ಕಥೆಯೂ ಇದೆ. ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬಯಿ ಸುತ್ತಲಿನ 17 ಜವಳಿ ಸಂಸ್ಥೆಗಳಲ್ಲಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಕೆಲವಕ್ಕೆ ಪುಕ್ಕಟೆ ಸಲಹೆಗಾರರನ್ನು ಕಳಿಸಿದರು. ಸಲಹೆ ಸರಳ: ದೋಷಗಳನ್ನು ದಿನವೂ ಬರೆದಿಡಿ, ನೂಲಿನ ದಾಸ್ತಾನಿಗೆ ಪಟ್ಟಿ ಇಡಿ, ಯಂತ್ರ ಏಕೆ ನಿಂತಿತೆಂದು ಗುರುತಿಸಿ, ನೆಲ ಗುಡಿಸಿ. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇಕಡಾ 17ರಷ್ಟು ಏರಿತು. ಇಷ್ಟು ಸುಲಭದ್ದನ್ನು ಮೊದಲೇ ಏಕೆ ಮಾಡಿರಲಿಲ್ಲ? ಹಲವರಿಗೆ ಅದರಿಂದ ಲಾಭವಿದೆಯೆಂದೇ ತಿಳಿದಿರಲಿಲ್ಲ. ಸಂಸ್ಥೆ ಎಷ್ಟು ದೊಡ್ಡದಾಗಬಲ್ಲದು ಎಂಬುದು ಮನೆಯಲ್ಲಿ ಎಷ್ಟು ಗಂಡಸರಿದ್ದಾರೆ ಎಂಬುದರ ಮೇಲೆ ನಿಂತಿತ್ತು ಎಂಬುದೂ ಆ ಅಧ್ಯಯನದಿಂದ ಹೊರಬಂತು, ಏಕೆಂದರೆ ಹೊರಗಿನವನ ಕೈಗೆ ಕೀಲಿಕೈ ಕೊಡಲು ಮಾಲೀಕರು ಒಪ್ಪುತ್ತಿರಲಿಲ್ಲ. ಗದಗದ ಯಾವ ಪೇಟೆ ಓಣಿಯಲ್ಲಿ ಓಡಾಡಿದವರಿಗೂ ಈ ಮಾತು ಹೊಸತೆನಿಸಲಿಕ್ಕಿಲ್ಲ. ಅಣ್ಣತಮ್ಮಂದಿರು ಬೇರೆಯಾದರೆ ಗಿರಣಿಯೂ ಎರಡಾಗುತ್ತದೆ. ಮನೆಯ ಹೆಣ್ಣುಮಕ್ಕಳು ಓದಿ ಬಂದಿದ್ದರೂ ಅವರನ್ನು ಗದ್ದುಗೆಯ ಮೇಲೆ ಕೂಡಿಸುವುದು ಅಪರೂಪ. ಇದನ್ನು ಸಂಪ್ರದಾಯವೆಂದು ಸುಮ್ಮನೆ ಬಿಡುವ ಹಾಗಿಲ್ಲ, ಇದರಿಂದ ಉದ್ಯಮಕ್ಕೇ ನಷ್ಟ.

ಬೆಳೆದವರು ಊರು ಬಿಟ್ಟದ್ದೂ ಉಂಟು. ಗದಗದ ಮುದ್ರಣ-ಪ್ರಕಾಶನದ ಮನೆತನದಿಂದ ಬಂದ ವಿಜಯ ಸಂಕೇಶ್ವರರು 1976ರಲ್ಲಿ ಒಂದು ಲಾರಿಯಿಂದ ಸಾಗಾಣಿಕೆ ಶುರುಮಾಡಿ ಬೇಗನೇ ಹುಬ್ಬಳ್ಳಿಗೆ ಹೋದರು. ಅವರ ಸಾಗಾಣಿಕೆ ಸಂಸ್ಥೆ ವಿಆರ್‌ಎಲ್ ದೊಡ್ಡದಾದ ಮೇಲೆ ಗಾಡಿಯ ಬಾಡಿ ಕಟ್ಟುವುದು, ರಿಪೇರಿ ಮಾಡುವುದು ಎಲ್ಲವನ್ನೂ ಸ್ವಂತ ಕಾರ್ಯಾಗಾರದಲ್ಲೇ ಮಾಡಿಸಿದರು. ಊರಲ್ಲೇ ಉಳಿದವರ ಕಥೆ ಬೇರೆ. ಗದಗದ ಛಾಪಖಾನೆಗಳಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರ ಕೈಚಳಕ ಆಫ್‌ಸೆಟ್, ಡಿಟಿಪಿ ಬಂದ ಮೇಲೆ ಬೇಡವಾಯಿತು. ಯಂತ್ರಕ್ಕೆ ಬ್ಯಾಂಕು ಸಾಲ ಕೊಟ್ಟಿತು, ಮೊಳೆ ಜೋಡಿಸುವವನಿಗೆ ಕೀಲಿಮಣೆ ಕಲಿಯಲು ಯಾರೂ ಸಂಬಳ ಕೊಡಲಿಲ್ಲ.

ನಮ್ಮ ಸೀಮೆಗೆ ಅತ್ಯಂತ ಒಗ್ಗಿದ ಹೊಸತನ ಕಾಣಬೇಕಾದರೆ ಹೊಲದ ಸಾಮಾನು ಮಾಡುವವರ ಬಳಿಗೆ ಹೋಗಬೇಕು. ಕಿರ್ಲೋಸ್ಕರ್ ಉದ್ಯಮದ ಸ್ಥಾಪಕ, ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಅವರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಕಬ್ಬಿಣ ಮಣ್ಣಿಗೆ ವಿಷವೆಂಬ ಅಂಜಿಕೆ ರೈತರಲ್ಲಿತ್ತು. ಆ ಎರಡು ವರ್ಷ ಕಾಯುವಷ್ಟು ಗಟ್ಟಿತನ ಅವರಿಗಿತ್ತು. ಗದಗ-ಹುಬ್ಬಳ್ಳಿ ರೈಲುದಾರಿಯ ಮೇಲಿರುವ ಅಣ್ಣಿಗೇರಿಯಲ್ಲಿ ಅಬ್ದುಲ್ ಖಾದರ್ ನಡಕಟ್ಟಿನ ಅವರು ಮಾಡಿದ್ದು ಅದೇ ಜಾತಿಯ ಕೆಲಸ. ಸ್ವತಃ ಒಕ್ಕಲುತನ ಮಾಡುತ್ತ, ತಮ್ಮ ತೋಟದ ಹುಣಸೆಯ ಬೀಜ ಬೇರ್ಪಡಿಸುವ ತೊಡಕಿನಿಂದ ಅದಕ್ಕೊಂದು ಯಂತ್ರ ಮಾಡಿದರು. ಆಮೇಲೆ ಬೀಜ-ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ, ಕಬ್ಬು ನಾಟಿಯ ಯಂತ್ರ, ನೀರು ಕಾಯಿಸುವ ಬಾಯ್ಲರು. ವಿಶ್ವಶಾಂತಿ ಹೆಸರಿನ ಅವರ ಸಂಶೋಧನಾ ಕೇಂದ್ರದಿಂದ ಇಂಥ ಹಲವು ಸಾಧನಗಳು ಹೊರಬಂದವು. 2015ರಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಜೀವಮಾನ ಸಾಧನೆ ಪ್ರಶಸ್ತಿ, 2022ರಲ್ಲಿ ಪದ್ಮಶ್ರೀ ಬಂದವು.

ಹಳೆಯ ಕೂರಿಗೆಯಲ್ಲಿ ಎತ್ತಿನ ಹಿಂದೆ ನಡೆಯುವ ಹೆಣ್ಣುಮಗಳು ಬಟ್ಟಲಿಗೆ ಕಾಳು ಬಿಡುತ್ತ ಹೋಗುತ್ತಿದ್ದಳು, ಕಾಳು ಬಿದಿರಿನ ನಳಿಗೆಯಲ್ಲಿ ಇಳಿದು ಸಾಲಿಗೆ ಬೀಳುತ್ತಿತ್ತು. ಯಂತ್ರದ ಕೂರಿಗೆಯಲ್ಲಿ ಆ ಕೈಯ ಕೆಲಸ ಹಲ್ಲಿನ ರೋಲರಿಗೆ ಹೋಯಿತು. ಆದರೆ ಎರೆ ಮಣ್ಣು ಹಸಿ ಇದ್ದಾಗ ಕುಳಕ್ಕೆ ಅಂಟಿ ನಳಿಗೆಯ ಬಾಯಿ ಮುಚ್ಚುತ್ತದೆ, ಕಾಳು ಬೀಳದೆ ಸಾಲು ಬೋಳಾಗುತ್ತದೆ. ಅದು ಗೊತ್ತಾಗುವುದು ವಾರದ ಮೇಲೆ, ಮೊಳಕೆ ಬಾರದಿದ್ದಾಗ. ಪಂಜಾಬಿನ ಮಣ್ಣಿಗೆಂದು ಮಾಡಿದ ಯಂತ್ರ ಮುಂಡರಗಿಯ ಎರೆಯಲ್ಲಿ ಸೋತರೆ ಆಶ್ಚರ್ಯವಿಲ್ಲ. ಮಾಡುವವನ ಅಂಗಡಿ ಹೊಲಕ್ಕೆ ಹತ್ತಿರವಿದ್ದರೆ ರೈತ ಟ್ರ್ಯಾಕ್ಟರಿನಲ್ಲೇ ಅದನ್ನು ತಂದು ನಿಲ್ಲಿಸುತ್ತಾನೆ, ಕುಳದ ಓರೆ ಅಂದೇ ಬದಲಾಗುತ್ತದೆ. ಇಂಥ ತಿದ್ದುಪಡಿಗಳನ್ನು ಯಾರೂ ಬರೆದಿಡುವುದಿಲ್ಲ. ಲಕ್ಷ್ಮೇಶ್ವರದ ವೆಲ್ಡರ್ ಕಂಡುಕೊಂಡದ್ದು ಶಿರಹಟ್ಟಿಯ ವೆಲ್ಡರಿಗೆ ತಲುಪಬೇಕಾದರೆ ಯಾರೋ ರೈತ ನಡುವೆ ಓಡಾಡಬೇಕು. ನಡಕಟ್ಟಿನ ಅವರು ಪ್ರಯೋಗಗಳ ಖರ್ಚನ್ನು ಬಹುಕಾಲ ತಾವೇ ಹೊತ್ತರು. ಅವರ ಛಲ ದೊಡ್ಡದು. ಪ್ರತಿ ಅಂಗಡಿಯವನಿಂದಲೂ ಅಷ್ಟೇ ಛಲವನ್ನು ನಿರೀಕ್ಷಿಸುವುದು ಮಾತ್ರ ಒಂದು ನೀತಿಯಾಗಲಾರದು.

2010ರಲ್ಲಿ ಈ ಸೀಮೆಗೆ ಒಮ್ಮೆಲೇ ಭಾರೀ ಉದ್ಯಮ ತರುವ ಯತ್ನ ನಡೆಯಿತು. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆ, ಸುಮಾರು 32,000 ಕೋಟಿ ರೂಪಾಯಿಯ ಯೋಜನೆ. ಎರೆ ಹೊಲ ಬಿಡಲೊಲ್ಲದ ರೈತರ ಜೊತೆ ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ನಿಂತರು. 2011ರ ಜುಲೈನಲ್ಲಿ ಸರಕಾರ ಹಿಂದೆ ಸರಿಯಿತು. ರೈತರು ಉಳಿಸಿಕೊಂಡದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಆ ಗಲಾಟೆಯಲ್ಲಿ, ಇಲ್ಲಿ ಈಗಾಗಲೇ ಇರುವ ನೂರಾರು ಸಣ್ಣ ಘಟಕಗಳಿಗೆ ಏನು ಮಾಡಬೇಕೆಂಬ ಚರ್ಚೆ ನಡೆಯಲೇ ಇಲ್ಲ.

ಸರಕಾರದ ಯೋಜನೆಗಳಿಗೇನೂ ಕೊರತೆಯಿಲ್ಲ. 1999ರ ಜವಳಿ ತಂತ್ರಜ್ಞಾನ ನಿಧಿಯಿಂದ ಹಿಡಿದು ಸಣ್ಣ ಉದ್ಯಮಗಳ ಈಚಿನ ಲೀನ್ (ಪೋಲು ತಗ್ಗಿಸುವ) ಯೋಜನೆಯವರೆಗೆ ಬಡ್ಡಿ ರಿಯಾಯಿತಿ, ಪ್ರಮಾಣಪತ್ರ, ಸಲಹೆಗಾರರ ಶುಲ್ಕದಲ್ಲಿ ಪಾಲು ಎಲ್ಲವೂ ಬಂದಿವೆ. ಹಣ ಹೋಗುವುದು ಯಂತ್ರಕ್ಕೆ ಮತ್ತು ಕಾಗದಕ್ಕೆ. ಕೈ ಪಳಗುವ ತಿಂಗಳಿಗೆ ಕೂಲಿ ಎಂಬ ಬಾಬತ್ತು ಅವುಗಳಲ್ಲಿ ಕಾಣುವುದಿಲ್ಲ. ಬೆಟಗೇರಿಯಲ್ಲಿ ಇದನ್ನು ಚಿಕ್ಕದಾಗಿ ಪ್ರಯತ್ನಿಸಬಹುದು. ಹೊಸ ನಮೂನೆಯ ಮೊದಲ ಹಾಸಿನ ಮಟ್ಟಿಗೆ ಸೀರೆಯ ಲೆಕ್ಕ ಬಿಟ್ಟು ದಿನಗೂಲಿ ಕೊಡುವುದು, ಎಳೆ ತೂರಿಸುವ ದಿನಗಳನ್ನೂ ಆ ಲೆಕ್ಕಕ್ಕೆ ಸೇರಿಸುವುದು, ಎರಡನೆಯ ಹಾಸಿನಿಂದ ಮತ್ತೆ ಮಜೂರಿಗೆ ಹೋಗುವುದು. ಹಣವನ್ನು ನೇಕಾರರ ಸಂಘ ಮತ್ತು ಮಾಲೀಕ ಹಂಚಿಕೊಳ್ಳಲಿ. ಪತ್ತಿನ ಸಂಘಗಳು ಇಂಥ ಸಣ್ಣ ನಿಧಿ ಸಾಕುವುದು ಕಣಗಿನಹಾಳದ ನೆರೆಯಲ್ಲಿ ಅಸಾಧ್ಯದ ಮಾತಾಗಬಾರದು. ಹೊಲದ ಸಾಮಾನಿನ ಮಟ್ಟಿಗೆ ಗದಗದ ಪಕ್ಕದ ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ, ಇಂಜಿನಿಯರಿಂಗ್ ಕಾಲೇಜು ಎರಡೂ ಇವೆ. ಬಿತ್ತನೆಯ ಹಂಗಾಮಿನಲ್ಲಿ ವಿದ್ಯಾರ್ಥಿಗಳು ಈ ಸೀಮೆಯ ಊರುಗಳ ವೆಲ್ಡಿಂಗ್ ಅಂಗಡಿಗಳಲ್ಲಿ ಕೂತು ಯಾವ ಕುಳಕ್ಕೆ ಯಾವ ಓರೆ ಕೊಟ್ಟರು, ಯಾವ ಮಣ್ಣಿನಲ್ಲಿ ಅದು ನಡೆಯಿತು ಎಂದು ಅಳತೆ ಸಹಿತ ಬರೆದುಕೊಳ್ಳಲಿ. ಮುಂದಿನ ಮುಂಗಾರಿಗೆ ಮುಂಚೆ ಆ ಪಟ್ಟಿ ಅಚ್ಚಾಗಿ ಅಂಗಡಿಗಳಿಗೆ ಮರಳಲಿ. ಅಚ್ಚು ಹಾಕಲು ಗದಗದಲ್ಲಿ ಛಾಪಖಾನೆಗಳಿಗೆ ಬರವಿಲ್ಲ.